ಸೀಟಿನ ಉರಿಗೆ ಕೊಬ್ಬರಿ ಎಣ್ಣೆಯೋ, ಅರಿಶಿನವೋ, ಮಗುವಿನ ಕ್ರೀಮೋ?

ಹೆಬ್ಬಾಳದಿಂದ ನಂದಿಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗಿ ಬಂದರೆ ಹತ್ತಿರ ಹತ್ತಿರ 100 ಕಿಲೋಮೀಟರ್. ಕಾಲು ನೋವು ಎರಡು ದಿನದಲ್ಲಿ ಹೋಗುತ್ತದೆ. ಹೋಗದೆ ಕಾಡುವುದು ಬೇರೆಯದು. ತೊಡೆಸಂದಿನ ಚರ್ಮ ಉಜ್ಜಿ ಉಜ್ಜಿ ಕೆಂಪಾಗಿರುತ್ತದೆ. ಸ್ನಾನಕ್ಕೆ ಮೊದಲ ಚೊಂಬು ನೀರು ಸುರಿದುಕೊಂಡಾಗಲೇ ಅದು ಗೊತ್ತಾಗುವುದು! ಗೇರು, ಟೈರು ಅಂತ ಗಂಟೆಗಟ್ಟಲೆ ಮಾತಾಡುವ ನಮ್ಮ ಗುಂಪಿನಲ್ಲಿ ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅಮ್ಮನಿಗೆ ಹೇಳಿದರೆ "ಉಷ್ಣ ಆಗಿದೆ ಕಣೇ, ಮಜ್ಜಿಗೆ ಕುಡಿ" ಅಂದರು. ಕುಡಿದೆ. ಮಜ್ಜಿಗೆ ಚೆನ್ನಾಗಿತ್ತು. ಉರಿ ಹಾಗೇ ಇತ್ತು.

ಆಮೇಲೆ 200 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ತಯಾರಿ ಶುರು ಮಾಡಿದೆ. 13.5 ಗಂಟೆಯೊಳಗೆ ಮುಗಿಸಬೇಕು. ಅಷ್ಟು ಹೊತ್ತು ಸೀಟಿನ ಮೇಲೆ ಕೂರಬೇಕು ಅಂದರೆ ಸುಮ್ನೆ ಸಹಿಸಿಕೊಂಡು ಆಗುವ ಕೆಲಸ ಅಲ್ಲ. ಹಾಗಾಗಿ ಅಡುಗೆಮನೆ, ಟೆರೇಸು, ಅಕ್ಕನ ಮನೆ, ಎಲ್ಲಾ ಕಡೆಯಿಂದ ಒಂದೊಂದು ಮದ್ದು ತಂದು ನೋಡಿದೆ. ಎಲ್ಲವನ್ನೂ ಹೊರಚರ್ಮಕ್ಕೆ ಮಾತ್ರ ಹಚ್ಚಿದ್ದು. ಯೋನಿಯ ಒಳಗೆ ಇವು ಯಾವುದೂ ಹೋಗಬಾರದು, ಸೋಪೂ ಕೂಡ.

ಮೊದಲು, ಹೊರಡುವ ಮುಂಚೆ ಹಚ್ಚುವುದು. ಕೊಬ್ಬರಿ ಎಣ್ಣೆ ಮತ್ತು ಪೆಟ್ರೋಲಿಯಂ ಜೆಲ್ಲಿ ನಡುವೆ ಪೈಪೋಟಿ. ಡಿಸೆಂಬರ್ ಬೆಳಗಿನ ಜಾವ ಎಣ್ಣೆ ಡಬ್ಬಿಯಲ್ಲಿ ಗಟ್ಟಿಯಾಗಿರುತ್ತದೆ, ಬೆರಳಲ್ಲಿ ಕೆರೆದು ಹಚ್ಚಿದರೆ ಮೈ ಶಾಖಕ್ಕೆ ಕರಗುತ್ತದೆ. ಹಿತವಾಗಿರುತ್ತದೆ. ಆದರೆ ದೇವನಹಳ್ಳಿ ದಾಟುವಷ್ಟರಲ್ಲಿ ಸೈಕಲ್ ಶಾರ್ಟ್ಸ್‌ನ ಒಳಗಿನ ಮೆತ್ತನೆ ಪ್ಯಾಡ್ ಅದನ್ನೆಲ್ಲ ಹೀರಿ, ಚರ್ಮ ಮತ್ತೆ ಒಣಗಿ ಉಜ್ಜಲು ಶುರು. ನನಗೆ ಅದರಿಂದ ಸಣ್ಣ ಗುಳ್ಳೆಗಳೂ ಎದ್ದವು. ಜೆಲ್ಲಿ ಅಂಟಂಟು, ಪ್ಯಾಡ್ ಒಗೆಯುವುದು ಒಂದು ಶಿಕ್ಷೆ. ಆದರೂ ಬೆಟ್ಟ ಹತ್ತಿ ಇಳಿಯುವವರೆಗೂ ಇರುತ್ತದೆ. ಒಂದೆರಡು ಗಂಟೆಯ ಸವಾರಿಗೆ ಎಣ್ಣೆ ಸಾಕು, ಅದಕ್ಕಿಂತ ಜಾಸ್ತಿಗೆ ನಾನು ಜೆಲ್ಲಿಯನ್ನೇ ಹಚ್ಚುತ್ತೇನೆ. ಪೌಡರ್ ಮಾತ್ರ ಬೇಡವೇ ಬೇಡ. ಬೆವರಿಗೆ ಕಲಸಿ ಉಂಡೆ ಕಟ್ಟಿ ಮರಳಿನ ಹಾಗೆ ಉಜ್ಜುತ್ತದೆ. ಸಾಲದ್ದಕ್ಕೆ, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ, ಎಷ್ಟೋ ಪೌಡರ್‌ಗಳಲ್ಲಿರುವ ಟಾಲ್ಕ್ ಅನ್ನು 'ಕ್ಯಾನ್ಸರ್ ತರುವ ಸಂಭವ ಇದೆ' ಅನ್ನುವ ಪಟ್ಟಿಗೆ ಸೇರಿಸಿದೆ.

ಚರ್ಮ ಕೆಂಪಾದ ಮೇಲೆ ಏನು? ನನ್ನ ನಂಬಿಕೆ ಪೂರ್ತಿ ಇದ್ದದ್ದು ಅರಿಶಿನದ ಮೇಲೆ. ಗಾಯಕ್ಕೆ ಅರಿಶಿನ ಅಂತ ಕೇಳಿಕೊಂಡೇ ಬೆಳೆದವರಲ್ವಾ ನಾವು? ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ಮೆಣಸಿನಕಾಯಿ ಮುಟ್ಟಿದ ಕೈ ತಾಗಿದಂಥ ಉರಿ. ಟವೆಲ್ ಹಳದಿ, ಬೆಡ್‌ಶೀಟ್ ಹಳದಿ. ಚರ್ಮವೂ ಹಳದಿ ಆಗಿದ್ದರಿಂದ ಕೆಂಪು ಕಡಿಮೆ ಆಯಿತೋ ಇಲ್ಲವೋ ಅಂತ ಕನ್ನಡಿ ಹಿಡಿದು ನೋಡಿದರೂ ತಿಳಿಯಲಿಲ್ಲ. ಅರಿಶಿನ ಸಾರಿಗೇ ಇರಲಿ.

ಲೋಳೆಸರ ಟೆರೇಸಿನ ಕುಂಡದಲ್ಲೇ ಇತ್ತು. ಮೊದಲ ಸಲ ಕತ್ತರಿಸಿದ ಕೂಡಲೇ ಹಚ್ಚಿ ಕೆಟ್ಟೆ. ಎಲೆಯ ಸಿಪ್ಪೆಯ ಕೆಳಗೆ ಹಳದಿ ರಸ ಇರುತ್ತದೆ, ತುರಿಕೆ ಬರಿಸುವುದು ಅದೇ. ಈಗ ಎಲೆಯನ್ನು ಲೋಟದಲ್ಲಿ ತಲೆಕೆಳಗಾಗಿ ಹದಿನೈದು ನಿಮಿಷ ನಿಲ್ಲಿಸುತ್ತೇನೆ. ಆ ರಸ ಸೋರಿ ಹೋದ ಮೇಲೆ ತೊಳೆದು, ಗಾಜಿನಂಥ ತಿರುಳನ್ನು ಮಾತ್ರ ತೆಗೆಯುತ್ತೇನೆ. ಹಚ್ಚಿದರೆ ಎಷ್ಟು ತಂಪು! ಆದರೆ ಅರ್ಧ ಗಂಟೆಯಲ್ಲಿ ಒಣಗಿ ಬಿಗಿಯುತ್ತದೆ, ನಡೆದರೆ ಚರ್ಮ ಎಳೆಯುತ್ತದೆ. ಚರ್ಮ ಕಿತ್ತಿದ್ದರೆ ಇದೂ ಉರಿಯುತ್ತದೆ.

ಗೆದ್ದದ್ದು ಅಕ್ಕನ ಮಗುವಿನ ಕ್ರೀಮ್. ಡೈಪರ್ ಕಟ್ಟಿ ಕೆಂಪಾದಾಗ ಹಚ್ಚುವ ಬಿಳಿ, ದಪ್ಪ ಸತುವಿನ ಕ್ರೀಮ್, ಟ್ಯೂಬಿನ ಮೇಲೆ ಜಿಂಕ್ ಆಕ್ಸೈಡ್ ಅಂತ ಬರೆದಿರುತ್ತದೆ. ಯೋಚಿಸಿದರೆ ಮಗುವಿನದೂ ನನ್ನದೂ ಒಂದೇ ಪಾಡು: ಒದ್ದೆ, ಶಾಖ, ಉಜ್ಜಾಟ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒರೆಸಿ, ರಾತ್ರಿ ದಪ್ಪಗೆ ಹಚ್ಚಿ, ಸಡಿಲ ಹತ್ತಿ ಬಟ್ಟೆ ಹಾಕಿಕೊಂಡು ಮಲಗಿದೆ. ಬೆಳಿಗ್ಗೆಗೆ ಉರಿ ಇಲ್ಲ. ಮೂರನೇ ದಿನ ಚರ್ಮ ಕೂಡಿತ್ತು. ಇಷ್ಟಾಗಿ ಇದು ಮನೆಮದ್ದಾ ಅಂತ ಅಮ್ಮ ಕೇಳಿದರು. ಮನೆಯಲ್ಲೇ ಇತ್ತಲ್ಲ, ಆಯಿತು ಬಿಡಿ ಅಂದೆ.

ಕುರು ಎದ್ದರೆ ಲೆಕ್ಕ ಬೇರೆ. ಅದಕ್ಕೆ ಕ್ರೀಮೂ ಇಲ್ಲ, ಎಣ್ಣೆಯೂ ಇಲ್ಲ. ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಎರಡು ದಿನ, ಬರೀ ಬಿಸಿನೀರಲ್ಲಿ ಎರಡು ದಿನ ಕೂತು ನೋಡಿದೆ. ವ್ಯತ್ಯಾಸ ಕಾಣಲಿಲ್ಲ. ಕೆಲಸ ಮಾಡಿದ್ದು ಶಾಖ. ದಿನಕ್ಕೆ ಮೂರು ಸಲ, ಹತ್ತು ಹದಿನೈದು ನಿಮಿಷ, ಅಗಲದ ಟಬ್ಬಿನಲ್ಲಿ. ಐಸ್ ಇಟ್ಟರೆ ನೋವು ಆ ಹೊತ್ತಿಗೆ ಮರಗಟ್ಟುತ್ತದೆ, ಕುರು ಅಲ್ಲೇ ಇರುತ್ತದೆ. ಹಿಂಡುವುದಂತೂ ಬೇಡ. ಜ್ವರ ಬಂದರೆ, ಕೆಂಪು ಹರಡಿದರೆ, ವಾರದಲ್ಲಿ ಇಳಿಯದಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ನಾಚಿಕೆ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಯೋನಿಯ ಬಾಯಿಯ ಒಂದು ಪಕ್ಕದಲ್ಲಿ ಮಾತ್ರ ಗಂಟು ಎದ್ದರೆ ಅದು ಸೀಟಿನಿಂದ ಬಂದದ್ದೇ ಅಲ್ಲದಿರಬಹುದು, ಅಲ್ಲಿರುವ ಗ್ರಂಥಿ ಕಟ್ಟಿಕೊಂಡಿರಬಹುದು. ಇನ್ನೊಂದು: ಮೆಡಿಕಲ್ ಶಾಪ್‌ನಲ್ಲಿ "ಎಲ್ಲದಕ್ಕೂ ಆಗುತ್ತೆ ಮೇಡಂ" ಅಂತ ಕೊಡುವ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಕೆಂಪು ಇಳಿಯುತ್ತದೆ. ಅದು ಹುಳುಕಡ್ಡಿ ಆಗಿದ್ದರೆ ಒಳಗೊಳಗೇ ಹರಡುತ್ತದೆ.

ಇಷ್ಟೆಲ್ಲ ಹಚ್ಚಿ ನೋಡಿದ ಮೇಲೆ ಹೇಳುತ್ತೇನೆ, ಹಚ್ಚಿದ್ದಕ್ಕಿಂತ ಕೆಲವು ಅಭ್ಯಾಸ ಬಿಟ್ಟದ್ದರಿಂದಲೇ ನನಗೆ ಜಾಸ್ತಿ ಲಾಭವಾಯಿತು. ಸವಾರಿಯ ಹಿಂದಿನ ದಿನ ವ್ಯಾಕ್ಸ್ ಮಾಡಿಸುವುದು ಬಿಟ್ಟೆ, ಕೂದಲ ಬುಡದ ಗುಳ್ಳೆ ಕಡಿಮೆಯಾಯಿತು. ಪ್ಯಾಡ್ ಶಾರ್ಟ್ಸ್ ಒಳಗೆ ಒಳಉಡುಪು ಹಾಕುವುದು ಬಿಟ್ಟೆ, ಹೊಲಿಗೆ ಒತ್ತುವುದು ನಿಂತಿತು. ಬೆಟ್ಟ ಇಳಿದ ಮೇಲೆ ಎಲ್ಲರೂ ಹೋಟೆಲಿನಲ್ಲಿ ಇಡ್ಲಿ ವಡೆ, ಎರಡೆರಡು ಕಾಫಿ ಅಂತ ಒಂದು ಗಂಟೆ ಕೂರುತ್ತೇವಲ್ಲ, ಬೆವರಿದ ಅದೇ ಶಾರ್ಟ್ಸ್‌ನಲ್ಲಿ? ಈಗ ನನ್ನ ಬ್ಯಾಗಿನಲ್ಲಿ ಒಂದು ಹಳೇ ಕಾಟನ್ ಲಂಗ ಇರುತ್ತದೆ. ಇಡ್ಲಿ ಬರುವಷ್ಟರಲ್ಲಿ ಹೋಟೆಲಿನ ಹಿಂದಿನ ಬಚ್ಚಲಿಗೆ ಹೋಗಿ ಬದಲಾಯಿಸಿ ಬರುತ್ತೇನೆ. ಹೆಲ್ಮೆಟ್, ಲಂಗ, ಸೈಕಲ್ ಶೂ. ಮೊದಲ ಸಲ ಎಲ್ಲರೂ ನಕ್ಕರು. ಹೋದ ಭಾನುವಾರ ಇನ್ನೊಬ್ಬಳೂ ಲಂಗ ತಂದಿದ್ದಳು.