ರಣಥಂಬೋರ್ ಸಫಾರಿ: ‘ಜೋನ್ ಮೂರು ಕನ್ಫರ್ಮ್’ ಎಂಬ ಕಾಗದವನ್ನು ನಂಬಿ ಹಣ ಕಟ್ಟಬೇಡಿ

ಡಿಸೆಂಬರ್ ರಜೆಗೆ ರಾಜಸ್ಥಾನದ ರಣಥಂಬೋರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕೆಂದಿರುವವರು, ಅದರಲ್ಲೂ ಇಲ್ಲಿನ ಟ್ರಾವೆಲ್ ಏಜೆಂಟರ ಮೂಲಕ ಸಫಾರಿ ಕಾಯ್ದಿರಿಸಲು ಹೊರಟಿರುವವರು, ದಯವಿಟ್ಟು ಇದನ್ನು ಓದಿದ ಮೇಲೆ ಹಣ ಕಳಿಸಿ. ಏಜೆನ್ಸಿಯ ಲೆಟರ್‌ಹೆಡ್ಡಿನಲ್ಲಿ ‘ಜೋನ್ 3, ಜಿಪ್ಸಿ, ಕನ್ಫರ್ಮ್ಡ್’ ಎಂದು ಅಚ್ಚಾಗಿ ಬರುವ ಕಾಗದಕ್ಕೆ ಆ ಕಾಡಿನ ಗೇಟಿನಲ್ಲಿ ಮೂರು ಕಾಸಿನ ಬೆಲೆಯೂ ಇಲ್ಲ. ನಮ್ಮ ಮನೆಯ ಆರು ಮಂದಿಯನ್ನು, ಎಪ್ಪತ್ತು ದಾಟಿದ ಮಾವನವರನ್ನೂ ಸೇರಿಸಿ, ಬೇರೆಯವರ ಹೆಸರಿನಲ್ಲಿ ಕಾಡಿನೊಳಗೆ ನುಗ್ಗಿಸಲು ನೋಡಿದರು. ಬೇರೆಯವರ ಹೆಸರಿನಲ್ಲಿ! ಇದನ್ನು ಬರೆಯುವಾಗಲೂ ಸಿಟ್ಟು ನೆತ್ತಿಗೇರುತ್ತಿದೆ.

ರಣಥಂಬೋರಿನಲ್ಲಿ ಸಫಾರಿಗೆ ಒಂದರಿಂದ ಹತ್ತರವರೆಗೆ ವಲಯಗಳಿವೆ. ಒಂದರಿಂದ ಐದು ಮುಖ್ಯ ವಲಯಗಳು, ಉಳಿದವು ಹೊರಭಾಗದವು. ಪದಮ್ ತಲಾವ್, ರಾಜಬಾಗ್ ಕೆರೆಗಳಿರುವುದು ಮೂರನೆಯ ವಲಯದಲ್ಲಿ. 2016ರಲ್ಲಿ ತೀರಿಕೊಂಡ ಮಛಲಿ ಎಂಬ ಪ್ರಸಿದ್ಧ ಹೆಣ್ಣು ಹುಲಿ ಓಡಾಡಿಕೊಂಡಿದ್ದುದು ಈ ಕೆರೆಗಳ ಸುತ್ತಲೇ ಆದ್ದರಿಂದ ಎಲ್ಲರಿಗೂ ಅದೇ ವಲಯ ಬೇಕು. ಜಿಪ್ಸಿ ಎಂಬ ತೆರೆದ ಜೀಪಿನಲ್ಲಿ ಆರು ಮಂದಿ ಪ್ರವಾಸಿಗರು, ಕ್ಯಾಂಟರ್ ಎಂಬ ತೆರೆದ ದೊಡ್ಡ ವಾಹನದಲ್ಲಿ ಇಪ್ಪತ್ತು. ಬೇಸಿಗೆಯಲ್ಲಿ ಹುಲಿಗಳು ನೀರಿಗೆ ಬರುವುದರಿಂದ ಕಾಣಿಸುವುದು ಸುಲಭವಾದರೂ ಆ ಬಿಸಿಲನ್ನು ಮಕ್ಕಳು, ಮುದುಕರು ತಡೆಯುವುದಿಲ್ಲವೆಂದು ಎಲ್ಲರೂ ಚಳಿಗಾಲಕ್ಕೇ ಮುಗಿಬೀಳುತ್ತಾರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ಸೀಟುಗಳು ಬಹಳ ಮುಂಚೆಯೇ ಖಾಲಿಯಾಗುತ್ತವೆ. ಇಷ್ಟನ್ನೂ ನಮಗೆ ಬಿಡಿಸಿ ಹೇಳಿದವನು ನಾವು ಹಣ ಕಟ್ಟಿದ ಬೆಂಗಳೂರಿನ ಏಜೆಂಟನೇ. ಅಪ್ಪಟ ಕನ್ನಡದಲ್ಲಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ಹೇಳದೆ ಉಳಿಸಿಕೊಂಡದ್ದು ಒಂದೇ ಸಂಗತಿ: ಸಫಾರಿಯ ಪರ್ಮಿಟ್ಟನ್ನು ರಾಜಸ್ಥಾನ ಸರ್ಕಾರದ ಜಾಲತಾಣದಲ್ಲಿ ಪ್ರತಿಯೊಬ್ಬ ಪ್ರವಾಸಿಯ ಹೆಸರು, ಗುರುತಿನ ಚೀಟಿಯ ಸಂಖ್ಯೆ ಕೊಟ್ಟು ಕಾಯ್ದಿರಿಸಬೇಕು, ಹೋಗುವಾಗ ಅದೇ ಗುರುತಿನ ಚೀಟಿಯ ಮೂಲಪ್ರತಿ ಕೈಯಲ್ಲಿರಬೇಕು.

ಬೆಳಗಿನ ಒಂದು ಸಫಾರಿ, ಮಧ್ಯಾಹ್ನದ ಒಂದು ಸಫಾರಿ, ಎರಡಕ್ಕೂ ಮೂರನೆಯ ವಲಯದ ಇಡೀ ಜಿಪ್ಸಿ ಎಂದು ಹೇಳಿ ಹೋಟೆಲಿನ ಬಾಡಿಗೆ ಬಿಟ್ಟು ಸಫಾರಿಗೆಂದೇ 56,000 ರೂಪಾಯಿ ಹಾಕಿಸಿಕೊಂಡ. ಹಣ ತಲುಪಿದ ಸಂಜೆಯೇ ‘ಕನ್ಫರ್ಮ್ಡ್’ ಕಾಗದ ವಾಟ್ಸ್ಆ್ಯಪಿಗೆ ಬಂತು. ಆಧಾರ್ ಪ್ರತಿಗಳನ್ನು ಆತ ಕೇಳಿದ್ದು ಅದಾದ ಎಷ್ಟೋ ದಿನಗಳ ಮೇಲೆ. ಗುರುತಿನ ಸಂಖ್ಯೆಯೇ ಇಲ್ಲದೆ ಸೀಟು ಖಚಿತವಾದದ್ದು ಹೇಗೆ ಎಂದು ನನ್ನ ಹೆಂಡತಿ ಆಗಲೇ ಕೇಳಿದ್ದಳು. “ಅದು ನಮ್ಮ ವೆಂಡರ್ ಕೋಟಾ ಮೇಡಂ, ಹೆಸರು ಆಮೇಲೆ ಹಾಕ್ತಾರೆ, ನೀವು ಟೆನ್ಷನ್ ಮಾಡ್ಕೋಬೇಡಿ” ಎಂದ. ಸರ್ಕಾರಿ ಪರ್ಮಿಟ್ಟಿನ ಪ್ರತಿ ಕಳಿಸು ಎಂದಾಗ, “ಬೋರ್ಡಿಂಗ್ ಪಾಸ್ ಅಲ್ಲೇ ಕೊಡೋದು ಸರ್, ಇಲ್ಲಿಂದ ಕಳಿಸೋಕೆ ಬರಲ್ಲ” ಎಂದ. ಎಂಥ ಜಾಣತನ ನೋಡಿ. ವಾಹನ ಹತ್ತಲು ಬೇಕಾದ ಬೋರ್ಡಿಂಗ್ ಪಾಸ್ ಅಲ್ಲೇ ಕೊಡುವುದು ನಿಜ. ಪರ್ಮಿಟ್ ಮಾತ್ರ ಮೊದಲೇ ಇರುತ್ತದೆ. ಕೇಳಿದ್ದು ಒಂದು, ಉತ್ತರ ಕೊಟ್ಟದ್ದು ಇನ್ನೊಂದಕ್ಕೆ.

ವಿಮಾನದಲ್ಲಿ ಜೈಪುರ, ಅಲ್ಲಿಂದ ರೈಲಿನಲ್ಲಿ ಉದ್ಯಾನದ ಹತ್ತಿರದ ಊರಾದ ಸವಾಯಿ ಮಾಧೋಪುರ. ಪ್ರಯಾಣದಲ್ಲಿ ಯಾವ ತೊಂದರೆಯೂ ಇರಲಿಲ್ಲ, ಹೋಟೆಲೂ ಅಚ್ಚುಕಟ್ಟಾಗಿತ್ತು. ಮರುದಿನ ಬೆಳಕು ಹರಿಯುವ ಮೊದಲೇ, ಹಲ್ಲು ಕಟಕಟಿಸುವ ಚಳಿಯಲ್ಲಿ, ಮಕ್ಕಳಿಗೆ ಸ್ವೆಟರಿನ ಮೇಲೆ ಸ್ವೆಟರು ಹಾಕಿ, ಅತ್ತೆಯವರಿಗೆ ಮಂಕಿ ಟೋಪಿ ತೊಡಿಸಿ ಹೋಟೆಲಿನ ಮುಂದೆ ನಿಂತೆವು. ಬಂದದ್ದು ಜಿಪ್ಸಿಯಲ್ಲ, ಆಗಲೇ ಅರ್ಧ ತುಂಬಿದ್ದ ಕ್ಯಾಂಟರು. ಹೋಗುತ್ತಿದ್ದುದು ಮೂರನೆಯ ವಲಯಕ್ಕಲ್ಲ, ಆರನೆಯ ವಲಯಕ್ಕೆ. ನಾನು ತಕರಾರು ತೆಗೆಯುವಷ್ಟರಲ್ಲಿ ಅಲ್ಲಿನ ಏಜೆಂಟನ ಕಡೆಯ ಹುಡುಗನೊಬ್ಬ ಇಳಿದು ಬಂದು, ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ಬಿಡಿಸಿ, ಮೊಬೈಲಿನ ಬೆಳಕು ಬಿಟ್ಟು, ಹಿಂದಿಯಲ್ಲಿ ನಮ್ಮ ಮಾವನವರಿಗೆ ಹೇಳಿದ: “ಅಂಕಲ್, ಗೇಟಿನಲ್ಲಿ ಯಾರಾದರೂ ಕೇಳಿದರೆ ಈ ಹೆಸರು ಹೇಳಿ.”

ಕಾಗದದಲ್ಲಿ ಆರು ಹೆಸರುಗಳಿದ್ದವು, ಒಂದೂ ನಮ್ಮದಲ್ಲ. ಮಾವನವರಿಗೆಂದು ಆತ ಬೆರಳಿಟ್ಟು ತೋರಿಸಿದ ಸಾಲಿನಲ್ಲಿ ‘ಪುರುಷ, 31’ ಎಂದಿತ್ತು. ಅತ್ತೆಯವರು ‘ಸ್ತ್ರೀ, 26’. ಮೂರನೆಯ ತರಗತಿಯಲ್ಲಿ ಓದುವ ನನ್ನ ಮಗಳ ಪಾಲಿಗೆ ಬಂದದ್ದು ‘ಪುರುಷ, 44’. ಯಾರದೋ ಹೆಸರಿನಲ್ಲಿ ತಿಂಗಳುಗಟ್ಟಲೆ ಮೊದಲೇ ಸೀಟು ಹಿಡಿದಿಟ್ಟುಕೊಂಡು ಸೀಸನ್ನಿನಲ್ಲಿ ದುಪ್ಪಟ್ಟಿಗೆ ಮಾರುವುದೇ ಆತ ಹೇಳಿದ ‘ಕೋಟಾ’ ಎಂಬುದು ನನಗೆ ಅರ್ಥವಾದದ್ದು ಆ ಮೊಬೈಲಿನ ಬೆಳಕಿನಲ್ಲಿ. ಮೂವತ್ತೈದು ವರ್ಷ ಮೇಷ್ಟ್ರಾಗಿ ಹಾಜರಿ ಕೂಗಿದ ಮನುಷ್ಯರು ನಮ್ಮ ಮಾವನವರು. ಆ ಕಾಗದವನ್ನು ನೋಡಿ, “ಸುಳ್ಳು ಹೆಸರು ಹೇಳುವುದಕ್ಕೆ ಇಷ್ಟು ದೂರ ಬರಬೇಕಿತ್ತೇನಪ್ಪಾ?” ಎಂದು ನನ್ನನ್ನೇ ಕೇಳಿದರು. ನಾನೇನು ಹೇಳಲಿ?

ಹುಡುಗನದು ಒಂದೇ ರಾಗ, “ಹೋ ಜಾಯೇಗಾ ಸರ್, ಹೋ ಜಾಯೇಗಾ.” ಏನೂ ಆಗಲಿಲ್ಲ. ನಮ್ಮ ಹೆಸರಿನ ಪರ್ಮಿಟ್ ಗೇಟಿನಲ್ಲಿರಬಹುದು, ಅಲ್ಲಿಯೇ ವಿಚಾರಿಸೋಣವೆಂದು ಹತ್ತಿದೆವು. ಅರಣ್ಯ ಸಿಬ್ಬಂದಿ ಹೆಸರು ಕೂಗಿ ಆಧಾರ್ ಕೇಳಿದರು, ಮಾವನವರು ತಮ್ಮದೇ ಹೆಸರು ಹೇಳಿ ತಮ್ಮದೇ ಕಾರ್ಡು ಕೊಟ್ಟರು. ಪಟ್ಟಿಯಲ್ಲಿಲ್ಲ. ನಮ್ಮಿಂದಾಗಿ ತಡವಾಯಿತೆಂದು ಗೊಣಗುತ್ತಿದ್ದ ಉಳಿದ ಪ್ರವಾಸಿಗರ ಎದುರಿಗೇ ನಮ್ಮ ಆರೂ ಮಂದಿಯನ್ನು ಕೆಳಗಿಳಿಸಿದರು. ಟಿಕೆಟ್ಟಿಲ್ಲದೆ ಬಸ್ಸು ಹತ್ತಿದವರನ್ನು ನೋಡುವಂತೆ ನೋಡಿದರು ಜನ. ಆ ಸಿಬ್ಬಂದಿಯ ಮೇಲೆ ನನ್ನ ದೂರಿಲ್ಲ, ಅವರು ಮಾಡಿದ್ದು ನಿಯಮದಂತೆಯೇ. ಆರನೆಯ ವಲಯದ ಮೇಲೂ ದೂರಿಲ್ಲ, ಹೊರಭಾಗದ ವಲಯಗಳಲ್ಲೂ ಹುಲಿಗಳಿವೆ. ನಮ್ಮ ಹೆಸರಿನಲ್ಲಿ ಎಲ್ಲಿಯೂ ಒಂದು ಸೀಟೇ ಇರಲಿಲ್ಲವಲ್ಲ, ದೂರಿರುವುದು ಅದರ ಬಗ್ಗೆ.

ಇನ್ನು ಬೆಂಗಳೂರಿನ ಮಹಾನುಭಾವನ ಉತ್ತರಗಳು. ಮೊದಲು, “ಸೀಸನ್ ಅಲ್ವಾ ಸರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.” ಬೇರೆಯವರ ಹೆಸರಿಗೆ, ಬೇರೆಯವರ ವಯಸ್ಸಿಗೆ ಅಡ್ಜಸ್ಟ್ ಮಾಡಿಕೊಳ್ಳುವುದು ಹೇಗೆಂದು ಕೇಳಿದೆ. “ಅದು ಅಲ್ಲಿನ ವೆಂಡರ್ ಮಿಸ್ಟೇಕು, ನಮ್ದಲ್ಲ” ಎಂದ. ಹಣ ತೆಗೆದುಕೊಂಡವನು ನೀನು ತಾನೇ ಎಂದಾಗ ಬಂದ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: “ಸರ್, ಹುಲಿ ಕಾಣೋದು ಗ್ಯಾರಂಟಿ ಅಂತ ನಾವು ಎಲ್ಲೂ ಹೇಳಿಲ್ಲ, ಟರ್ಮ್ಸ್ ನೋಡಿ.” ಹುಲಿಯ ಮಾತನ್ನು ಎತ್ತಿದವರು ಯಾರು? ನಾನು ಕೇಳಿದ್ದು ಪರ್ಮಿಟ್ಟನ್ನು. ಮಧ್ಯಾಹ್ನದ ಸಫಾರಿಯ ಪರ್ಮಿಟ್ಟಾದರೂ ನಮ್ಮ ಹೆಸರಿನಲ್ಲಿದೆಯೇ ಎಂದು ಕೇಳಿದ ಸಂದೇಶಕ್ಕೆ ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ವಾಹನವೂ ಬರಲಿಲ್ಲ. ಊರಿಗೆ ಮರಳಿದ ಮೇಲೆ ದಯಪಾಲಿಸಿದ್ದು, ಮುಂದಿನ ಸಲ ಕಬಿನಿಗೆ ಅವನ ಮೂಲಕವೇ ಹೋದರೆ ಶೇ. 20 ರಿಯಾಯಿತಿ!

ಅಂದು ಮಧ್ಯಾಹ್ನ ನಾವು ಹೋದದ್ದು ರಣಥಂಬೋರ್ ಕೋಟೆಯೊಳಗಿನ ತ್ರಿನೇತ್ರ ಗಣೇಶನ ಗುಡಿಗೆ. ಅಲ್ಲಿಗೆ ಸಫಾರಿ ಪರ್ಮಿಟ್ ಬೇಡ, ಯಾರು ಬೇಕಾದರೂ ಹೋಗಬಹುದು. ಕೋಟೆಯ ಗೋಡೆಯ ಮೇಲಿಂದ ಕೆಳಗೆ ಪದಮ್ ತಲಾವ್, ಅದರ ದಡದ ಜೋಗಿ ಮಹಲ್ ಕಾಣುತ್ತವೆ. ನೀರಿನಂಚಿನ ಜಿಪ್ಸಿಗಳಲ್ಲಿ ಕೂತವರ ಟೋಪಿಯ ಬಣ್ಣವನ್ನೂ ನನ್ನ ಮಗ ಗುರುತಿಸಿ ಹೇಳುತ್ತಿದ್ದ. ಅದರಲ್ಲಿ ನಮ್ಮದು ಯಾವುದು ಎಂದು ಕೇಳಿದ. ಮೈ ಉರಿಯದೆ ಇರುತ್ತದೆಯೇ?

ಹೋಗುವವರು ಇಷ್ಟು ಮಾಡಿ. ಸಾಧ್ಯವಾದರೆ ಸರ್ಕಾರಿ ಜಾಲತಾಣದಲ್ಲಿ ನೀವೇ ಕಾಯ್ದಿರಿಸಿ. ಏಜೆಂಟನೇ ಬೇಕೆಂದರೆ, ನಿಮ್ಮೆಲ್ಲರ ಹೆಸರು, ಗುರುತಿನ ಸಂಖ್ಯೆ, ವಲಯ, ವಾಹನ, ದಿನಾಂಕ, ಹೊತ್ತು ಇರುವ ಸರ್ಕಾರಿ ಪರ್ಮಿಟ್ಟಿನ ಪ್ರತಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ‘ಕೋಟಾ’, ‘ಹೆಸರು ಆಮೇಲೆ’, ‘ಬೆಳಗ್ಗೆ ಅಲ್ಲೇ ಕೊಡ್ತಾರೆ’, ಈ ಮೂರರಲ್ಲಿ ಯಾವುದೇ ಮಾತು ಬಂದರೂ ಫೋನ್ ಇಟ್ಟುಬಿಡಿ, ಎಷ್ಟೇ ಸವಿಯಾಗಿ ಕನ್ನಡ ಮಾತಾಡಲಿ. ಆಗಲೇ ಮೋಸ ಹೋಗಿದ್ದರೆ ಆನ್‌ಲೈನ್ ವಂಚನೆಗೆ 1930, ಗ್ರಾಹಕರ ದೂರಿಗೆ 1915. ನಾನು ಎರಡಕ್ಕೂ ಕರೆ ಮಾಡಿ, ಸಂದೇಶಗಳ ಸ್ಕ್ರೀನ್‌ಶಾಟ್, ಹಣ ಹಾಕಿದ ರಸೀದಿ ಎಲ್ಲವನ್ನೂ ಕೊಟ್ಟಿದ್ದೇನೆ. ಹಣ ಇನ್ನೂ ಬಂದಿಲ್ಲ. ಮೊನ್ನೆ ಅದೇ ಸಂಖ್ಯೆಯ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ತಾಡೋಬಾ ಹುಲಿ ಸಫಾರಿಯ ಜಾಹೀರಾತು ಕಂಡೆ. ಅಲ್ಲಿಯೂ ‘ಕನ್ಫರ್ಮ್ಡ್ ಕೋಟಾ’ ಎಂದೇ ಬರೆದುಕೊಂಡಿದ್ದಾನೆ.