ಜೀಪು ಒಂದು, ಆರ್‌ಸಿ ಇನ್ನೊಂದು

"ಟೈರ್ ಎಷ್ಟು ಇಂಚು?"

ಹಳೆ ಜೀಪು ಮಾರುವವರಿಗೆ ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ ಇದು. ಆರ್‌ಸಿ ಯಾರ ಹೆಸರಲ್ಲಿದೆ ಅಂತ ಕೇಳಲಿಲ್ಲ. ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಯಾವಾಗ ಮುಗಿಯುತ್ತೆ ಅಂತ ಕೇಳಲಿಲ್ಲ. "31 ಇಂಚು ಸಾರ್, ಮಡ್ ಟೈರ್, ಮೊನ್ನೆ ಹಾಕ್ಸಿದ್ದು" ಅಂದರು. ಅಲ್ಲಿಗೇ ನಾನು ಅರ್ಧ ಬಿದ್ದಿದ್ದೆ. ಉಳಿದರ್ಧ ಫೋಟೋ ನೋಡಿ ಬಿದ್ದೆ.

ನಮ್ಮದು ಕೊಪ್ಪದ ಕಡೆ. ಮನೆಯಿಂದ ಮೇಲಿನ ತೋಟಕ್ಕೆ ಎರಡು ಕಿಲೋಮೀಟರ್ ಮಣ್ಣುರಸ್ತೆ. ಮಳೆ ಹಿಡಿದರೆ ಬೊಲೆರೊ ಮೊದಲನೇ ತಿರುವಿನಲ್ಲೇ ಕೂರುತ್ತದೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಹೊತ್ತಿಗೆ ಮೈಲುತುತ್ತು, ಸುಣ್ಣ, ಪೈಪು ಎಲ್ಲವನ್ನೂ ತಲೆಹೊರೆಯಲ್ಲೇ ಸಾಗಿಸಬೇಕು. ಹಾಗಾಗಿ ಫೋರ್ ವೀಲ್ ಜೀಪು ಬೇಕು ಅನ್ನುವುದು ಶೋಕಿ ಅಲ್ಲ, ನಿಜಕ್ಕೂ ಬೇಕಿತ್ತು. 2020ರಲ್ಲಿ ಬಂದ ಹೊಸ ಥಾರ್ ನಮ್ಮ ಕೈಗೆ ಸಿಗುವಂಥದ್ದಲ್ಲ. ಜಿಪ್ಸಿಯನ್ನು ಮಾರುತಿಯವರು ನಿಲ್ಲಿಸಿದ ಮೇಲೆ ಹಳೆಯದಕ್ಕೂ ಚಿನ್ನದ ರೇಟು. ಉಳಿದದ್ದು ಹಳೆ ಮಹೀಂದ್ರ. ಅದರಲ್ಲಿ ಸಾದಾ ಜೀಪು ತೆಗೆದುಕೊಂಡಿದ್ದರೆ ಈ ಬರಹ ಇರುತ್ತಿರಲಿಲ್ಲ. ಶೋಕಿ ಬಂದದ್ದು ಅಲ್ಲಿ.

ಗಾಡಿ ಇದ್ದದ್ದು ಬೆಂಗಳೂರಿನಲ್ಲಿ. 1998ರ ಮಹೀಂದ್ರ ಎಂಎಂ 540, ಬೇರೆ ಜಿಲ್ಲೆಯ ಕೆಎ ನಂಬರ್, ಕೇಳಿದ್ದು ನಾಲ್ಕು ಲಕ್ಷ. 2023ರ ಏಪ್ರಿಲ್‌ನಲ್ಲಿ ನಾನೂ ನಮ್ಮ ಭಾವನೂ ಹೋದೆವು. ತಲುಪಿದಾಗ ಸಂಜೆ ಆರೂವರೆ. ಮ್ಯಾಟ್ ಕಪ್ಪು ಬಣ್ಣ, ಮುಂದೆ ದಪ್ಪ ಕಬ್ಬಿಣದ ಬಂಪರ್, ಅದರ ಮೇಲೆ ಹಗ್ಗ ಸುತ್ತಿ ಭಾರ ಎಳೆಯುವ ವಿಂಚ್, ಬಾನೆಟ್ ಪಕ್ಕದಲ್ಲಿ ಎಂಜಿನ್‌ಗೆ ಮೇಲಿನಿಂದ ಗಾಳಿ ತರುವ ಸ್ನಾರ್ಕೆಲ್ ಕೊಳವೆ, ತಲೆಯ ಮೇಲೆ ಎಲ್‌ಇಡಿ ಬಾರ್. ಅದನ್ನು ಆನ್ ಮಾಡಿ ತೋರಿಸಿದರು. ಕಣ್ಣು ಕತ್ತಲೆ ಬಂತು. ಆಮೇಲೆ ಬೇರೇನೂ ಸರಿಯಾಗಿ ಕಾಣಲಿಲ್ಲ. ಇದು ತಮಾಷೆಗೆ ಹೇಳುತ್ತಿಲ್ಲ. ಹಳೆ ಗಾಡಿಯನ್ನು ಸಂಜೆ ಹೊತ್ತು ನೋಡಲೇಬಾರದು.

ಇನ್ನೊಂದು ವಿಷಯ ಆಗಲೇ ಹೊಳೆಯಬೇಕಿತ್ತು. ನಾವು ಹೋದಾಗ ಎಂಜಿನ್ ಬಿಸಿ ಇತ್ತು. "ಈಗಷ್ಟೇ ಪೆಟ್ರೋಲ್ ಬಂಕಿಗೆ ಹೋಗಿ ಬಂದೆ" ಅಂದರು. ತಣ್ಣಗಿದ್ದಾಗ ಅದು ಸ್ಟಾರ್ಟ್ ಆಗುವ ಚಂದ ನೋಡಿದ್ದು ಮಾರನೇ ದಿನ ಬೆಳಿಗ್ಗೆ. ರಸ್ತೆ ತುಂಬ ಬಿಳಿ ಹೊಗೆ.

ಮಾರುತ್ತಿದ್ದವರು ಆರ್‌ಸಿ ಓನರ್ ಅಲ್ಲ. "ಓನರ್ ನಮ್ಮ ಹುಡುಗನೇ, ಫಾರಂ 29, 30 ಎರಡಕ್ಕೂ ಸೈನ್ ಹಾಕಿ ಕೊಟ್ಟಿದ್ದಾನೆ, ನಿಧಾನಕ್ಕೆ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಿ" ಅಂದರು. ಭಾವ ನನ್ನ ಮುಖ ನೋಡಿದರು. ನಾನು ಟೈರ್ ನೋಡುತ್ತಿದ್ದೆ. ಫೋರ್ ವೀಲ್ ಕೆಲಸ ಮಾಡುತ್ತಾ ಅಂತ ಕೇಳಿದ್ದಕ್ಕೆ ನಿಂತಲ್ಲೇ ಲಿವರ್ ಎಳೆದು ತೋರಿಸಿದರು. ಟಕ್ ಅಂತ ಬಿತ್ತು. ನನಗೆ ಅಷ್ಟು ಸಾಕಾಯಿತು. 3 ಲಕ್ಷ 85 ಸಾವಿರಕ್ಕೆ ಮಾತು ಮುಗಿಯಿತು. ನೂರು ರೂಪಾಯಿ ಛಾಪಾ ಕಾಗದದಲ್ಲಿ ಕರಾರು ಬರೆದರು. "ಗಾಡಿಯನ್ನು ಇದ್ದ ಸ್ಥಿತಿಯಲ್ಲಿ ನೋಡಿ, ಒಪ್ಪಿ, ಖರೀದಿಸಿರುತ್ತೇನೆ" ಅನ್ನೋ ಸಾಲು ಅದರಲ್ಲಿತ್ತು. ಆ ಸಾಲಿನ ಬೆಲೆ ಮುಂದೆ ವಕೀಲರ ಹತ್ತಿರ ಹೋದಾಗ ಗೊತ್ತಾಯಿತು.

ಮಾರನೇ ದಿನ ಊರಿಗೆ ಹೊರಟೆವು. ಕುಣಿಗಲ್ ಹತ್ತಿರ ಸೇತುವೆಯ ಜಾಯಿಂಟ್ ದಾಟುವಾಗ ಅರವತ್ತರ ಸ್ಪೀಡು ಇದ್ದಿರಬೇಕು. ಸ್ಟೀರಿಂಗ್ ಎರಡೂ ಕಡೆಗೆ ಒದರಲು ಶುರುವಾಯಿತು. ಸುಮ್ನೆ ನಡುಗುವುದಲ್ಲ, ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ. ಬ್ರೇಕ್ ಒತ್ತಿದರೆ ನಾಲ್ಕೂ ಡ್ರಮ್ಮು, ದೊಡ್ಡ ಟೈರು, ನಿಲ್ಲುವುದಕ್ಕೆ ಅದರದೇ ಸಮಯ. ಹಿಂದೆ ಬರುತ್ತಿದ್ದ ಲಾರಿಯವನು ಪುಣ್ಯಾತ್ಮ, ದೂರ ಇದ್ದ. ಅಲ್ಲಿಂದ ಕೊಪ್ಪದವರೆಗೆ ನಲವತ್ತು ದಾಟಲಿಲ್ಲ. ರಾತ್ರಿ ಮನೆ ಮುಟ್ಟಿದಾಗ ಅಮ್ಮ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಇದಕ್ಕೆ ಹತ್ತಲಿಕ್ಕೆ ಏಣಿ ಎಲ್ಲಿ?" ಅಂತಷ್ಟೇ ಕೇಳಿದರು.

ಒದರಾಟಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಜೀಪನ್ನು ಎತ್ತರಿಸಲು ಸರಿಯಾದ ಸ್ಪ್ರಿಂಗ್ ಹಾಕಿರಲಿಲ್ಲ. ಹಳೆ ಪ್ಲೇಟುಗಳನ್ನೇ ಇಟ್ಟು, ಅವನ್ನು ಚಾಸಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ಮಾತ್ರ ಉದ್ದ ಮಾಡಿದ್ದರು. ಅಗ್ಗದ ಕೆಲಸ. ಮುಂದಿನ ಆಕ್ಸಲ್ ಕೂರುವ ಕೋನವೇ ಕೆಟ್ಟುಹೋಗುತ್ತದೆ. ಅದರ ಮೇಲೆ ಸವೆದ ಟೈ ರಾಡ್ ಎಂಡು, ಲಡಾಸು ಕಿಂಗ್‌ಪಿನ್ ಬೇರಿಂಗು, ಭಾರದ ಟೈರು. ಕುಣಿಯದೆ ಇನ್ನೇನು ಮಾಡುತ್ತದೆ?

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಸ್ಟೀರಿಂಗ್ ರಿಪೇರಿ ಮಾಡಿಸಿ, ಜೂನ್ ಮೊದಲ ಮಳೆಗೆ ಆರು ಚೀಲ ಸುಣ್ಣ ಹೇರಿಕೊಂಡು ತೋಟಕ್ಕೆ ಹೊರಟೆ. ಮೊದಲ ತಿರುವಿನಲ್ಲಿ ಫೋರ್ ಲೋಗೆ, ಅಂದರೆ ಫೋರ್ ವೀಲ್‌ನ ನಿಧಾನದ ಗೇರಿಗೆ, ಹಾಕಿದೆ. ಏರಿತು. ಎರಡನೇ ತಿರುವಿನ ಹತ್ತಿರ ಇಡೀ ಗಾಡಿ ಕಟ್ಟಿಹಾಕಿದ ಎಮ್ಮೆಯ ಹಾಗೆ ಮುಂದಕ್ಕೆ ಜಗ್ಗಿ ಜಗ್ಗಿ ನಿಲ್ಲತೊಡಗಿತು. ಲಿವರ್ ತೆಗೆಯೋಣ ಅಂದರೆ ಬರುತ್ತಿಲ್ಲ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟೆ. ಕಾಲಡಿಯಲ್ಲಿ 'ಫಟ್' ಅಂತ ಸದ್ದು. ಅಷ್ಟೇ. ಎಂಜಿನ್ ಓಡುತ್ತಿದೆ, ಗೇರ್ ಬೀಳುತ್ತಿದೆ, ಚಕ್ರ ಮಾತ್ರ ಅಲ್ಲಾಡುತ್ತಿಲ್ಲ.

ನಮ್ಮ ಮೇಸ್ತ್ರಿ ಮೂವತ್ತು ವರ್ಷದಿಂದ ಜೀಪು ಬಿಚ್ಚುತ್ತಿರುವವರು. ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಇಳಿಸಿದಾಗ ಬೋಗುಣಿಗೆ ಕಡಲೆಬೇಳೆಯ ಹಾಗೆ ಹಲ್ಲಿನ ಚೂರು ಬಿದ್ದವು. ಗೇರ್ ಬದಲಾಯಿಸಿ ಕಳಿಸುತ್ತಾರೆ ಅಂದುಕೊಂಡೆ. ಅವರು ಅದನ್ನು ಬಿಟ್ಟು ಮುಂದಿನ ಆಕ್ಸಲಿನ ಕವರ್ ಬಿಚ್ಚಿದರು. ಒಳಗಿನ ದೊಡ್ಡ ಹಲ್ಲುಚಕ್ರದ, ಅಂದರೆ ಕ್ರೌನಿನ, ಎಣ್ಣೆ ಒರೆಸಿ, ಒಂದು ಹಲ್ಲಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಚಕ್ರ ತಿರುಗಿಸುತ್ತಾ ಬೆರಳಿನಲ್ಲಿ ಎಣಿಸಿದರು. 43. ಹಿಂದಿನದಕ್ಕೂ ಹಾಗೇ ಮಾಡಿದರು. 39. ನಂಬದೆ ನನಗೂ ಎಣಿಸಲು ಹೇಳಿದರು. ನನಗೂ 39. ಕ್ರೌನನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ, ಪಿನಿಯನ್, ಎರಡಕ್ಕೂ ಎಂಟು ಹಲ್ಲಿನದೇ.

"ಮುಂದಿನದು ಒಂದು ಜೀಪಿಂದು, ಹಿಂದಿನದು ಇನ್ನೊಂದರದ್ದು ಮಾರಾಯ್ರೆ. ಇದರಲ್ಲಿ ಫೋರ್ ವೀಲ್ ಹಾಕಿದ್ರೆ ಇನ್ನೇನಾಗ್ತದೆ?"

ಲೆಕ್ಕ ಸುಲಭ. ಈ ಜೀಪುಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಕ್ರೌನ್ ಬೇರೆ ಬೇರೆ ಇದ್ದರೆ ಹಿಂದಿನ ಚಕ್ರ 43 ಸುತ್ತು ಹಾಕುವಷ್ಟರಲ್ಲಿ ಮುಂದಿನದು 39 ಸುತ್ತು. ರಸ್ತೆ ಒಂದೇ, ಗಾಡಿ ಒಂದೇ. ಆ ನಾಲ್ಕು ಸುತ್ತಿನ ಜಗಳವನ್ನೆಲ್ಲ ಟ್ರಾನ್ಸ್‌ಫರ್ ಕೇಸು ನುಂಗಬೇಕು. ನುಂಗಿ ನುಂಗಿ ಒಡೆಯಿತು. ಅಂದರೆ ಫೋರ್ ವೀಲ್ ಲಿವರ್ ಇತ್ತು, ಫೋರ್ ವೀಲ್ ಇರಲಿಲ್ಲ.

ಇದನ್ನು ಕೊಳ್ಳುವ ಮೊದಲೇ, ಏನೂ ಬಿಚ್ಚದೆ ನೋಡಬಹುದಿತ್ತು ಅಂತ ಮೇಸ್ತ್ರಿ ಆಮೇಲೆ ಹೇಳಿಕೊಟ್ಟರು. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನ್ಯೂಟ್ರಲ್‌ಗೆ ತಂದು, ಟೂ ವೀಲ್‌ನಲ್ಲಿ ಇಡಿ. ಮುಂದಿನ ಚಕ್ರವನ್ನು ಆಕ್ಸಲಿಗೆ ಸೇರಿಸುವ, ಬಿಡಿಸುವ ಲಾಕಿಂಗ್ ಹಬ್ ಇದ್ದರೆ ಲಾಕ್ ಮಾಡಿ. ಎರಡೂ ಪ್ರೊಪೆಲ್ಲರ್ ಶಾಫ್ಟಿಗೆ ಚಾಕ್‌ಪೀಸಿನ ಗೆರೆ, ಚಕ್ರಕ್ಕೊಂದು ಗೆರೆ. ಇಬ್ಬರು ನಿಧಾನಕ್ಕೆ ತಳ್ಳಲಿ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ಎಷ್ಟು ಸುತ್ತು ಬಂತು ಎಣಿಸಿ. ನನ್ನದರಲ್ಲಿ ಹಿಂದೆ ಐದಕ್ಕೆ ಸ್ವಲ್ಪ ಕಡಿಮೆ, ಮುಂದೆ ಐದು ದಾಟಿ ಮೂರನೇ ಒಂದು. ಎರಡೂ ಕಡೆ ಲೆಕ್ಕ ಒಂದೇ ಬರಬೇಕು. ಪಕ್ಕದಿಂದ ಬಗ್ಗಿ ನೋಡಿ, ಗಾಡಿ ಅಡಿಗೆ ಮಾತ್ರ ಯಾರೂ ಮಲಗಬೇಡಿ. ಹತ್ತು ನಿಮಿಷದ ಕೆಲಸ. ನಾನು ಆ ಹತ್ತು ನಿಮಿಷವನ್ನು ವಿಂಚಿನ ಹಗ್ಗ ಎಳೆದು ನೋಡುವುದಕ್ಕೆ ಕಳೆದಿದ್ದೆ.

ಬಿಚ್ಚಿದ ಮೇಲೆ ಒಂದೊಂದೇ ಹೊರಗೆ ಬಂತು. ಅಡಿಗೆಲ್ಲ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹೊಡೆದಿದ್ದರು. ತುಕ್ಕು ಬರಬಾರದು ಅಂತ ಹೊಡೆದದ್ದು ಅಂತ ನಾನು ಖುಷಿಪಟ್ಟಿದ್ದೆ. ಮೇಸ್ತ್ರಿ ಸಣ್ಣ ಸುತ್ತಿಗೆ ಹಿಡಿದು ಚಾಸಿಯನ್ನು ಮುಂದಿನಿಂದ ಬಡಿಯುತ್ತಾ ಬಂದರು. ಟಣ್, ಟಣ್, ಟಣ್. ಡ್ರೈವರ್ ಸೀಟಿನ ನೇರಕ್ಕೆ ಬಂದಾಗ 'ದಪ್' ಅಂತು. ಕೋಟಿಂಗ್ ಕೆರೆದರೆ ಅಡಿಯಲ್ಲಿ ವೆಲ್ಡಿಂಗ್ ಗೆರೆ, ಅದರ ಮೇಲೆ ಪುಟ್ಟಿ. ಇನ್ನೊಂದು ಕಡೆಯೂ ಅದೇ ಜಾಗದಲ್ಲಿ ಗೆರೆ. ಅಂದರೆ ಮುಂದಿನ ಅರ್ಧ ಒಂದು ಜೀಪಿನದು, ಹಿಂದಿನ ಅರ್ಧ ಮತ್ತೊಂದರದ್ದು. ನಡುವೆ ಸೇರಿಸಿದ್ದು ಯಾರೋ ಗ್ರಿಲ್ ವೆಲ್ಡಿಂಗ್ ಮಾಡುವವರ ಕೈಯಿಂದ ಅಂತ ಮೇಸ್ತ್ರಿಯ ಅಭಿಪ್ರಾಯ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಇಟ್ಟರೆ ಪುಟ್ಟಿ ಇದ್ದ ಕಡೆ ಅದು ಹಿಡಿಯಲಿಲ್ಲ. ಅದೂ ನನ್ನ ಜೇಬಿನಲ್ಲಿ ಇರಬಹುದಾಗಿದ್ದ ಸಾಮಾನೇ.

ಹೀಗೆ ಜೀಪು ಜೋಡಿಸುವುದು ಹೊಸದೇನಲ್ಲ. ಪಂಜಾಬ್ ಗಡಿಯಲ್ಲಿರುವ ಹರಿಯಾಣದ ಮಂಡಿ ಡಬ್‌ವಾಲಿ ಅನ್ನೋ ಊರು, ಮಿಲಿಟರಿ ಹರಾಜಿನ ಸಾಮಾನಿನಿಂದ ಬೇಕಾದ ಹಾಗೆ ಜೀಪು ಕಟ್ಟಿಕೊಡುವುದಕ್ಕೇ ದೇಶಕ್ಕೆಲ್ಲ ಗೊತ್ತು. ಕಟ್ಟುವ ಕೈ ಒಳ್ಳೆಯದಿದ್ದರೆ ಗಾಡಿಯೂ ಒಳ್ಳೆಯದಿರಬಹುದು. ಆದರೆ ಹಾಗೆ ಕಟ್ಟಿದ್ದಕ್ಕೆ ಎಲ್ಲಿಂದಲೋ ತಂದ ಹಳೆ ಆರ್‌ಸಿ ಹೊಂದಿಸಿದರೆ ಅಲ್ಲಿಂದ ಕಷ್ಟ ಶುರು.

ನನ್ನ ಕಷ್ಟ ಅಕ್ಟೋಬರ್‌ನಲ್ಲಿ ಶುರುವಾಯಿತು. 1998ರ ಗಾಡಿ, ಮೊದಲ ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ರಿನ್ಯೂವಲ್. ಎಫ್‌ಸಿ ಮುಗಿಯುತ್ತಿತ್ತು, ಟ್ರಾನ್ಸ್‌ಫರ್ ಕೂಡ ಆಗಬೇಕಿತ್ತು. ರಿನ್ಯೂವಲ್ ಫೀ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತ್ತು, ಆ ದುಡ್ಡಿಗೆ ನಾನು ತಯಾರಿದ್ದೆ. ಆರ್‌ಟಿಒ ಇನ್ಸ್‌ಪೆಕ್ಟರ್ ಚಾಸಿ ನಂಬರಿನ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಅಂಕಿಗಳು ಬಿಳಿಯಾಗಿ ಎದ್ದು ಬಂದವು. ಆರ್‌ಸಿ ಜೊತೆ ಹೊಂದಿತು. ನನಗೆ ಉಸಿರು ಬಂತು. ಆಮೇಲೆ ಎಂಜಿನ್ ನಂಬರ್ ನೋಡಿದರು. ಹೊಂದಲಿಲ್ಲ. ಆರ್‌ಸಿಯಲ್ಲಿ 2112 ಸಿಸಿ, ಬಾನೆಟ್ ಅಡಿಯಲ್ಲಿ 2523 ಸಿಸಿಯ ಡಿಐ ಎಂಜಿನ್. "ಪಿಕಪ್ ಜಾಸ್ತಿ ಸಾರ್" ಅಂತ ನನಗೆ ಮಾರಿದ್ದರಲ್ಲ, ಅದೇ. ಆರ್‌ಸಿಯಲ್ಲಿ ಬಣ್ಣ ಹಸಿರು, ಎದುರಿಗೆ ನಿಂತದ್ದು ಕಪ್ಪು. ಅವರು ಬಗ್ಗಿ ಚಾಸಿಯ ವೆಲ್ಡಿಂಗ್ ಗೆರೆಯ ಮೇಲೆ ಬೆರಳು ಆಡಿಸಿ, ಎದ್ದು, ಕೈ ಒರೆಸಿಕೊಂಡರು. ಬೈಯಲಿಲ್ಲ. "ಯಾರು ಕೊಟ್ರು ನಿಮಗೆ ಇದನ್ನ?" ಅಂತ ಕೇಳಿದರು. ಬೈದಿದ್ದರೆ ವಾಸಿ ಇತ್ತು.

ಕಾನೂನು ಏನು ಹೇಳುತ್ತೆ ಅಂತ ನಾನು ಓದಿದ್ದು ಆವತ್ತು ರಾತ್ರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. ಎಂಜಿನ್ ಬದಲಾಯಿಸಬೇಕಾದರೆ ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಮುಂದಿನ ಕಬ್ಬಿಣದ ಬಂಪರ್ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಫೋನಿನ ಕ್ಯಾಲ್ಕುಲೇಟರಿನಲ್ಲಿ ನನ್ನ ಜೀಪಿನ ಬದಲಾವಣೆಗಳನ್ನು ಐದು ಸಾವಿರದಿಂದ ಗುಣಿಸಲು ಹೊರಟು, ಅರ್ಧಕ್ಕೇ ಬಿಟ್ಟು ಮಲಗಿದೆ. ಇನ್ಶೂರೆನ್ಸ್ ಇತ್ತಲ್ವಾ ಅನ್ನಬೇಡಿ. ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಇದ್ದರೆ ಕ್ಲೇಮ್ ತಳ್ಳಿಹಾಕಲು ಅವರಿಗೆ ಅಷ್ಟು ಸಾಕು.

ಮಾರಿದವರ ಫೋನ್ ಮೊದಲ ವಾರ ರಿಂಗ್ ಆಗುತ್ತಿತ್ತು, ಆಮೇಲೆ ಅದೂ ನಿಂತಿತು. ಆರ್‌ಸಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದರೆ ಆ ಓನರ್ ಜೀಪು ಮಾರಿ ಎಂಟು ವರ್ಷವಾಗಿತ್ತು. ಅವರು ಮಾರಿದ್ದು ಹಸಿರು ಜೀಪು, ಹಳೆ ಎಂಜಿನ್ನು. ಯಾವುದೋ ಮದುವೆಯ ಫೋಟೋದಲ್ಲಿ ಅದು ನಿಂತಿದ್ದನ್ನೂ ತೋರಿಸಿ, ಪಾಪ, ಕಾಫಿ ಕೊಟ್ಟು ಕಳಿಸಿದರು. ವಕೀಲರು ಕರಾರಿನ "ಇದ್ದ ಸ್ಥಿತಿಯಲ್ಲಿ" ಅನ್ನುವ ಸಾಲಿಗೆ ಪೆನ್ನಿನಿಂದ ಗೆರೆ ಎಳೆದು, ನೋಟಿಸ್ ಕಳಿಸೋಣ, ಆದರೆ ಯಾವ ವಿಳಾಸಕ್ಕೆ ಅಂತ ಕೇಳಿದರು. ಗಾಡಿ, ಸ್ಟೀರಿಂಗ್, ಟ್ರಾನ್ಸ್‌ಫರ್ ಕೇಸು, ಓಡಾಟ ಎಲ್ಲ ಸೇರಿ ನಾಲ್ಕೂವರೆ ಲಕ್ಷ ದಾಟಿತು. ಎಲ್ಲವನ್ನೂ ಆರ್‌ಸಿಯಲ್ಲಿ ಇದ್ದ ಹಾಗೆ ಮಾಡಲು ಇನ್ನೂ ಎರಡೂವರೆ ಲಕ್ಷ ಅಂತ ಮೇಸ್ತ್ರಿ ಅಂದಾಜು. ಅಷ್ಟು ಹಾಕಿದರೂ ತುಂಡಾದ ಚಾಸಿ ತುಂಡಾದದ್ದೇ.

ಈಗಲೂ ಹಳೆ ಜೀಪು ತೆಗೆದುಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಮಾರುವವರು ಹಾಕಿಸಿದ್ದನ್ನೆಲ್ಲ ಮುಂದೆ ನಿಂತು ತೋರಿಸುತ್ತಾರೆ. "ನೀವು ತೆಗೆದದ್ದು ಏನು, ಸೇರಿಸಿದ್ದು ಎಲ್ಲಿ" ಅಂತ ಅವರನ್ನು ಕೇಳಿ. ಆರ್‌ಸಿ ಓನರ್ ಎದುರಿಗೆ ಬರದಿದ್ದರೆ ಅಡ್ವಾನ್ಸ್ ಕೊಡಬೇಡಿ. ಗಾಡಿ ನಂಬರನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಎಫ್‌ಸಿ, ಇನ್ಶೂರೆನ್ಸ್ ತಾರೀಕು ಕಾಣುತ್ತದೆ. ಚಾಸಿ ನಂಬರಿಗೆ ನೀವೇ ಪೆನ್ಸಿಲ್ ಉಜ್ಜಿ, ಎಂಜಿನ್ ನಂಬರಿಗೂ ಉಜ್ಜಿ. ಟ್ರಾನ್ಸ್‌ಫರ್ ಆಗುವವರೆಗೆ ಅರ್ಧ ದುಡ್ಡು ಕೈಯಲ್ಲೇ ಇರಲಿ. ನಿಮ್ಮ ಮೇಸ್ತ್ರಿಯನ್ನು ಬಸ್ ಚಾರ್ಜು, ಊಟ, ದಿನದ ಕೂಲಿ ಕೊಟ್ಟಾದರೂ ಕರೆದುಕೊಂಡು ಹೋಗಿ. ನಾನು ಎರಡು ಸಾವಿರ ಉಳಿಸಲು ಭಾವನನ್ನು ಕರೆದುಕೊಂಡು ಹೋಗಿದ್ದೆ. ಅವರು ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ.

ಜೀಪು ಈಗ ಹಲಸಿನ ಮರದ ಕೆಳಗಿದೆ, ಟಾರ್ಪಾಲ್ ಹೊದೆಸಿದ್ದೇನೆ. ರಸ್ತೆಗೆ ಇಳಿಸುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ಬಿದ್ದ ಮರ ಎಳೆಯುವುದಕ್ಕೆ ವಿಂಚ್ ಮಾತ್ರ ಉಪಯೋಗಕ್ಕೆ ಬಂತು.

ಹೋದ ತಿಂಗಳು ಗೊತ್ತಿಲ್ಲದ ನಂಬರಿನಿಂದ ಒಬ್ಬ ಹುಡುಗ ಫೋನ್ ಮಾಡಿದ. ನಮ್ಮ ಮನೆಗೆ ಬಂದಿದ್ದ ಯಾರೋ ಫೋಟೋ ತೆಗೆದು ಕಳಿಸಿದ್ದರಂತೆ. ಕೊಡ್ತೀರಾ ಸಾರ್ ಅಂದ. ಪೇಪರ್ ಸರಿಯಿಲ್ಲಪ್ಪ ಅಂದೆ. ಪರವಾಗಿಲ್ಲ ಸಾರ್, ನೋಡ್ಕೊಳ್ಳೋಣ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಟೈರ್ ಎಷ್ಟು ಇಂಚು ಸಾರ್?"