ಕೊರಾಕುಎನ್ ಅಥವಾ ರಿತ್ಸುರಿನ್: ಸೆತೋ ಸೇತುವೆಯ ಎರಡು ತುದಿಯ ತೋಟ, ಎರಡು ತುದಿಯ ಊಟ

ಜಪಾನಿನ ಓಸಾಕಾದಿಂದ ಹಿರೋಷಿಮಾ ಕಡೆಗೆ ಹೋಗುವ ಶಿಂಕಾನ್‌ಸೆನ್ (ಬುಲೆಟ್ ರೈಲು) ದಾರಿಯಲ್ಲಿ ಓಕಾಯಾಮಾ ಸಿಗುತ್ತದೆ. ಅಲ್ಲಿ ಇಳಿದು ಟ್ರಾಮ್ ಹಿಡಿದು, ಮತ್ತೆ ಒಂದಿಷ್ಟು ನಡೆದರೆ ಕೊರಾಕುಎನ್ ಉದ್ಯಾನ. ಅದೇ ನಿಲ್ದಾಣದಲ್ಲಿ ಮರೀನ್ ಲೈನರ್ ರೈಲು ಹತ್ತಿದರೆ ಸೆತೋ ಸೇತುವೆಯ ಮೇಲೆ ಸಮುದ್ರ ದಾಟಿ ಒಂದು ಗಂಟೆಯ ಆಸುಪಾಸಿನಲ್ಲಿ ಶಿಕೋಕು ದ್ವೀಪದ ತಕಾಮತ್ಸು, ಅಲ್ಲಿ ರಿತ್ಸುರಿನ್ ಉದ್ಯಾನ. ಎರಡೂ ದೈಮ್ಯೋಗಳು, ಅಂದರೆ ಜಪಾನಿನ ಪಾಳೆಯಗಾರರು, ತಮ್ಮ ಸಂತೋಷಕ್ಕೆಂದು ಮಾಡಿಸಿಕೊಂಡ ತೋಟಗಳು. ಕ್ಯೋಟೋ ಮುಗಿಸಿ ಒಂದೇ ದಿನ ಉಳಿಸಿಕೊಂಡವರು ಯಾವುದಕ್ಕೆ ಹೋಗಬೇಕು? ಎರಡೂ ಕಡೆ ಬೇರೆ ಬೇರೆ ಕಾಲದಲ್ಲಿ ಸುತ್ತಾಡಿ, ಉಂಡು ಬಂದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ತೋಟಕ್ಕೆ ರಿತ್ಸುರಿನ್. ಊಟದ ವಿಷಯದಲ್ಲಿ ಮಾತ್ರ ನೀವು ಏನು ತಿನ್ನುವವರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಹೆಸರಿನ ಲೆಕ್ಕದಲ್ಲಿ ಕೊರಾಕುಎನ್ ಮುಂದು. ಕಾನಾಜಾವಾದ ಕೆನ್ರೊಕುಎನ್, ಮಿತೋದ ಕೈರಾಕುಎನ್ ಜೊತೆ ಸೇರಿಸಿ ಇದನ್ನು ಜಪಾನಿನ ಮೂರು ಮಹಾ ಉದ್ಯಾನಗಳಲ್ಲಿ ಒಂದೆಂದು ಎಣಿಸುತ್ತಾರೆ. ರಿತ್ಸುರಿನ್ ಆ ಪಟ್ಟಿಯಲ್ಲಿಲ್ಲ. ಆದರೆ 1910ರಲ್ಲಿ ಜಪಾನ್ ಸರ್ಕಾರದ ಶಾಲಾ ಪಠ್ಯಪುಸ್ತಕವೊಂದು ಆ ಮೂರನ್ನೂ ಹೆಸರಿಸಿ, ಮರ ಮತ್ತು ಕಲ್ಲಿನ ಸೊಗಸಿನಲ್ಲಿ ತಕಾಮತ್ಸುವಿನ ರಿತ್ಸುರಿನ್ ಇವನ್ನೂ ಮೀರಿಸುತ್ತದೆ ಎಂದು ಬರೆದಿತ್ತು. ನನ್ನ ಓಟು ಆ ಪಠ್ಯಪುಸ್ತಕಕ್ಕೆ. ಕೆನ್ರೊಕುಎನ್ ಹಿಮಗಾಲದಲ್ಲಿ ಅದ್ಭುತ ನಿಜ, ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲೆಂದು ಪೈನ್ ಮರಗಳಿಗೆ ಕಟ್ಟುವ ಹಗ್ಗಗಳನ್ನು ನೋಡುವುದಕ್ಕೇ ಹೋಗಬಹುದು. ಆದರೆ ಅದು ಬೇರೆ ದಿಕ್ಕಿನ ಪ್ರಯಾಣ.

ಕೊರಾಕುಎನ್ ಕಟ್ಟಿಸಿದವರು ಓಕಾಯಾಮಾದ ಇಕೆದಾ ತ್ಸುನಮಾಸಾ. ಅವರ ಅಧಿಕಾರಿ ತ್ಸುದಾ ನಗಾತದಾ 1687ರಲ್ಲಿ ಕೆಲಸ ಶುರು ಮಾಡಿದರು, 1700ರಲ್ಲಿ ಮುಗಿಯಿತು. ಸುಮಾರು 13 ಹೆಕ್ಟೇರ್ ಜಾಗ, ಅಸಾಹಿ ನದಿ ಸುತ್ತುವರಿದ ದ್ವೀಪದಂತಹ ನೆಲ. ಒಳಗೆ ಕಾಲಿಟ್ಟ ಕೂಡಲೇ ಮನಸ್ಸಿಗೆ ಬರುವುದು ಆಕಾಶ. ಜಪಾನಿನ ತೋಟವೆಂದರೆ ಪಾಚಿ, ನೆರಳು, ಮುಚ್ಚಿದ ಮೂಲೆಗಳು ಎಂದುಕೊಂಡವರಿಗೆ ಇಷ್ಟು ದೊಡ್ಡ ಹುಲ್ಲುಹಾಸು ಆಶ್ಚರ್ಯ ತರುತ್ತದೆ. ಮಧ್ಯೆ ಆರು ಮೀಟರ್ ಎತ್ತರದ ಯುಇಶಿನ್‌ಝಾನ್ ಎಂಬ ಪುಟ್ಟ ದಿಬ್ಬ. ಅದನ್ನು ಹತ್ತಿ ನಿಂತರೆ ಕೊಳ, ಹುಲ್ಲು, ನದಿಯಾಚೆಗಿನ ಕಪ್ಪು ಕೋಟೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಕೋಟೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟು 1966ರಲ್ಲಿ ಮತ್ತೆ ಎದ್ದದ್ದು. ತೋಟಕ್ಕೂ 1934ರ ಪ್ರವಾಹ, 1945ರ ಬೆಂಕಿ ಎರಡೂ ತಟ್ಟಿದ್ದವು. ದೈಮ್ಯೋಗಳ ಕಾಲವಾದ ಎದೋ ಯುಗದ ಚಿತ್ರಗಳೂ ದಾಖಲೆಗಳೂ ಉಳಿದಿದ್ದರಿಂದ ಇದ್ದ ಹಾಗೆಯೇ ಮರಳಿ ಕಟ್ಟಲು ಸಾಧ್ಯವಾಯಿತು.

ಇಲ್ಲಿ ನನಗೆ ತುಂಬ ಹಿಡಿಸಿದ್ದು ಎರಡು. ಒಂದು, ತೋಟದೊಳಗಿನ ಭತ್ತದ ಗದ್ದೆ ಮತ್ತು ಚಹಾ ತೋಟ. ಪಾಳೆಯಗಾರನ ವಿಹಾರದ ಜಾಗದಲ್ಲಿ ಗದ್ದೆ ಇಟ್ಟುಕೊಂಡದ್ದು, ಅಲ್ಲಿ ಇವತ್ತಿಗೂ ಜೂನ್‌ನಲ್ಲಿ ನಾಟಿ ಮಾಡುವುದು, ಹಳ್ಳಿಯಿಂದ ಬಂದ ನಮ್ಮಂಥವರಿಗೆ ತಟ್ಟನೆ ಹತ್ತಿರವಾಗುವ ಸಂಗತಿ. ಇನ್ನೊಂದು ರ್ಯೂತೆನ್. ಗೋಡೆಯಿಲ್ಲದ ಮರದ ಮಂಟಪ. ನೆಲದ ನಟ್ಟನಡುವೆ ಕಾಲುವೆ ಹರಿಯುತ್ತದೆ, ನೀರಿನಲ್ಲಿ ಬಣ್ಣ ಬಣ್ಣದ ಆರು ಕಲ್ಲುಗಳು. ಯುದ್ಧದ ಬೆಂಕಿ ತಪ್ಪಿಸಿಕೊಂಡ ಕೆಲವೇ ಕಟ್ಟಡಗಳಲ್ಲಿ ಇದೂ ಒಂದು. ಚಪ್ಪಲಿ ಬಿಟ್ಟು ಹಲಗೆಯ ಮೇಲೆ ಕೂತರೆ ಎರಡೂ ಕಡೆಯಿಂದ ಗಾಳಿ, ಕೆಳಗೆ ನೀರಿನ ಸಪ್ಪಳ. ಬೇಸಿಗೆಯ ಮಧ್ಯಾಹ್ನ ಅಲ್ಲಿಂದ ಏಳುವ ಮನಸ್ಸಾಗುವುದಿಲ್ಲ, ಹೊರಗೆ ನೆರಳೂ ಕಮ್ಮಿ. ಒಂದೂವರೆ ಗಂಟೆಯಲ್ಲಿ ತೋಟವೆಲ್ಲ ನೋಡಿ ಮುಗಿಯುತ್ತದೆ. ದಾರಿ ಸಮತಟ್ಟು, ಹಾಗಾಗಿ ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಇದೇ ಸರಿ.

ರಿತ್ಸುರಿನ್‌ನಲ್ಲಿ ಒಂದೂವರೆ ಗಂಟೆ ಯಾವುದಕ್ಕೂ ಸಾಲದು. ಹಿಂದಿನ ಶಿಉನ್ ಬೆಟ್ಟವನ್ನೂ ಸೇರಿಸಿದರೆ ಸುಮಾರು 75 ಹೆಕ್ಟೇರ್; ನಡೆದಾಡುವ ತೋಟವೇ 16 ಹೆಕ್ಟೇರ್. ಆರು ಕೊಳ, ಹದಿಮೂರು ಕೃತಕ ದಿಬ್ಬ. 1625ರ ಸುಮಾರಿಗೆ ಇಕೋಮಾ ಮನೆತನ ಆರಂಭಿಸಿದ್ದನ್ನು 1642ರಲ್ಲಿ ಬಂದ ಮಾತ್ಸುದೈರಾ ಮನೆತನ ಮುಂದುವರಿಸಿ 1745ರಲ್ಲಿ ಪೂರ್ತಿ ಮಾಡಿತು. ಒಬ್ಬ ದೊರೆಯ ಕಲ್ಪನೆಯಲ್ಲ, ತಲೆತಲೆಮಾರು ತಿದ್ದುತ್ತಾ ಬಂದ ತೋಟ. ಅದು ನಡೆಯುವಾಗ ಗೊತ್ತಾಗುತ್ತದೆ. ದಾರಿ ತಿರುಗಿದ ಕಡೆಯೆಲ್ಲ ನೋಟ ಬದಲಾಗುತ್ತದೆ, ಮುಂದೆ ಏನಿದೆಯೆಂದು ಮೊದಲೇ ಕಾಣಿಸುವುದಿಲ್ಲ. ಕೊರಾಕುಎನ್ ದಿಬ್ಬದ ಮೇಲೆ ಎಲ್ಲವನ್ನೂ ಒಮ್ಮೆಗೇ ಕೊಟ್ಟುಬಿಟ್ಟರೆ, ರಿತ್ಸುರಿನ್ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ.

ಇಲ್ಲಿನ ಜೀವ ಇರುವುದು ಪೈನ್ ಮರಗಳಲ್ಲಿ. ಸುಮಾರು 1,400 ಇವೆ. ಅವುಗಳಲ್ಲಿ ಸಾವಿರದಷ್ಟು ಮರಗಳನ್ನು ಮಾಲಿಗಳು ಕೈಯಾರೆ ತಿದ್ದಿ ಬೆಳೆಸುತ್ತಾರೆ. ವಸಂತದಲ್ಲಿ ಚಿಗುರು ಚಿವುಟಬೇಕು, ಚಳಿ ಬರುವ ಹೊತ್ತಿಗೆ ಹಳೆಯ ಸೂಜಿಯೆಲೆ ಕಿತ್ತು ತೆಗೆಯಬೇಕು. ಮೂರು ಕಾಲಿನ ಏಣಿ ಹತ್ತಿ ಕೂತ ಮಾಲಿಯೊಬ್ಬರನ್ನು ನಾನು ತುಂಬ ಹೊತ್ತು ನೋಡಿದೆ. ಕತ್ತರಿ ಕೈಯಲ್ಲಿದ್ದರೂ ಹೆಚ್ಚು ಕೆಲಸ ಬೆರಳಿನದೇ. ಒಂದು ಕೊಂಬೆಯ ತುದಿ ಮುಗಿಸಿ, ಕೆಳಗಿಳಿದು, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಹತ್ತಿದರು. ಹಾಕೊಮಾತ್ಸು ಎಂಬ ಸಾಲು ಮರಗಳನ್ನು ಎದುರಿನಿಂದ ನೋಡಿದರೆ ಚೌಕಾಕಾರದ ಹಸಿರು ಪೆಟ್ಟಿಗೆ. ಹಿಂದೆ ಹೋಗಿ ನೋಡಿ, ದಯವಿಟ್ಟು: ಕೊಂಬೆಗಳು ಒಂದರೊಳಗೊಂದು ತಿರುಚಿಕೊಂಡು ಮುನ್ನೂರು ವರ್ಷದ ತಿದ್ದುವಿಕೆಯನ್ನು ಹಾಗೇ ಹೊತ್ತು ನಿಂತಿವೆ. 1833ರಲ್ಲಿ ಶೋಗುನ್, ಅಂದರೆ ದೈಮ್ಯೋಗಳಿಗೆಲ್ಲ ಮೇಲಿನ ಸೇನಾಧಿಪತಿ, ತೊಕುಗಾವಾ ಇಎನಾರಿ ಕೊಟ್ಟ ಬೊನ್ಸಾಯ್ ಒಂದನ್ನು ನೆಲದಲ್ಲಿ ನೆಟ್ಟರಂತೆ. ಕುಂಡದ ಗಿಡ ಈಗ ಎಂಟು ಮೀಟರ್ ಎತ್ತರದ ಮರವಾಗಿದೆ.

ನೀರಿನ ಕಥೆಯೂ ಇಲ್ಲಿ ಬೇರೆ. ತಕಾಮತ್ಸು ಇರುವ ಕಗಾವಾ ಪ್ರಾಂತ್ಯದಲ್ಲಿ ಮಳೆ ಕಡಿಮೆ, ದೊಡ್ಡ ನದಿಯಿಲ್ಲ, ಕೆರೆಗಳೇ ಆಧಾರ. ಅಂಥ ಸೀಮೆಯಲ್ಲಿ ಬೆಟ್ಟದ ಬುಡದಲ್ಲಿ ಒಂದು ಜಲಪಾತ ಮಾಡಿದ್ದಾರೆ. ಹಿಂದೆ ಆಳುಗಳು ನೀರು ಹೊತ್ತು ಬೆಟ್ಟದ ಅರ್ಧಕ್ಕೆ ಹತ್ತಿ ತೊಟ್ಟಿ ತುಂಬಿಸುತ್ತಿದ್ದರು, ದೊರೆ ನೋಡುವಾಗ ಹರಿಸುತ್ತಿದ್ದರು. ಈಗ ಪಂಪು ಇದೆ. ಆ ಜಲಪಾತದ ಮುಂದೆ ನಿಂತಾಗ ದೊರೆಗಿಂತ ನೀರು ಹೊತ್ತವರೇ ನೆನಪಾಗುತ್ತಾರೆ.

ಒಂದೇ ಜಾಗಕ್ಕೆ ಸಮಯವಿದ್ದರೆ ಕಿಕುಗೆತ್ಸುತೇಯಿಗೆ ಹೋಗಿ. ದಕ್ಷಿಣ ಕೊಳದ ದಡದಲ್ಲಿ ದೊರೆಗಳು ಬಳಸುತ್ತಿದ್ದ ಚಹಾ ಮನೆ ಅದು. ಬಾಗಿಲುಗಳನ್ನು ಸರಿಸಿಬಿಟ್ಟರೆ ಗೋಡೆಯೇ ಇಲ್ಲ; ಚಾಪೆಯ ಮೇಲೆ ಕೂತು ಮಾಚ್ಚಾ ಎಂಬ ಹಸಿರು ಚಹಾ ಕುಡಿಯುತ್ತಾ ಕೊಳ ನೋಡಬಹುದು. ಆಮೇಲೆ ಹಿರೈಹೋ ದಿಬ್ಬ ಹತ್ತಿದರೆ ಎಂಗೆತ್ಸು ಸೇತುವೆ, ಹಿಂದೆ ಬೆಟ್ಟ: ಪೋಸ್ಟ್‌ಕಾರ್ಡುಗಳಲ್ಲೆಲ್ಲ ಬರುವ ನೋಟ.

ಟಿಕೆಟ್ ಎರಡೂ ಕಡೆ 500 ಯೆನ್ ಆಸುಪಾಸು. ದೊಡ್ಡ ವ್ಯತ್ಯಾಸ ಇರುವುದು ಬಾಗಿಲು ತೆರೆಯುವ ಹೊತ್ತಿನಲ್ಲಿ. ಕೊರಾಕುಎನ್ ಬೇಸಿಗೆಯಲ್ಲಿ ಏಳೂವರೆಗೆ, ಚಳಿಗಾಲದಲ್ಲಿ ಎಂಟಕ್ಕೆ ತೆರೆಯುತ್ತದೆ. ರಿತ್ಸುರಿನ್ ಸೂರ್ಯೋದಯಕ್ಕೇ ತೆರೆಯುತ್ತದೆ, ಬೇಸಿಗೆಯಲ್ಲಿ ಐದೂವರೆಗೆ. ಆ ಹೊತ್ತಿಗೆ ಊರಿನವರು ವಾಕಿಂಗ್‌ಗೆ ಬಂದಿರುತ್ತಾರೆ, ಪ್ರವಾಸಿಗರು ಬಂದಿರುವುದಿಲ್ಲ. ಹಿಂದಿನ ರಾತ್ರಿಯೇ ತಕಾಮತ್ಸುವಿನಲ್ಲಿ ಉಳಿದುಕೊಳ್ಳಲು ಇಷ್ಟು ಕಾರಣ ಸಾಕು.

ಇನ್ನು ಊಟ. ತಕಾಮತ್ಸುವಿನಲ್ಲಿ ಉಡಾನ್, ಅಂದರೆ ಗೋಧಿಹಿಟ್ಟಿನ ದಪ್ಪ ನೂಡಲ್ಸ್, ಬಿಟ್ಟು ಬೇರೆ ಮಾತಿಲ್ಲ. ಮಳೆ ಕಡಿಮೆಯಾದ್ದರಿಂದ ಗೋಧಿ, ಕಡಲ ತೀರವಾದ್ದರಿಂದ ಉಪ್ಪು, ಎದುರಿನ ಶೊದೊಶಿಮಾ ದ್ವೀಪದಿಂದ ಸೋಯಾ ಸಾಸ್, ಸಮುದ್ರದಿಂದ ಇರಿಕೋ ಎಂಬ ಸಣ್ಣ ಒಣಮೀನು. ಕಗಾವಾದ ಹಳೆಯ ಹೆಸರು ಹೊತ್ತ ಸಾನುಕಿ ಉಡಾನ್ ಹುಟ್ಟಿದ್ದು ಇಷ್ಟರಿಂದ. ಹಿಟ್ಟನ್ನು ಕಾಲಿನಿಂದ ತುಳಿದು ನಾದುವ ಪದ್ಧತಿಯಿದೆ. ಅದರಿಂದ ಬರುವ ಗಟ್ಟಿತನ, ಹಲ್ಲಿಗೆ ಸಿಕ್ಕಿ ಹಿಂದೆ ಪುಟಿಯುವ ಗುಣ, ಊರವರು 'ಕೊಶಿ' ಎನ್ನುವುದು, ಬೇರೆ ಕಡೆಯ ಉಡಾನ್‌ನಲ್ಲಿ ನನಗೆ ಸಿಕ್ಕಿಲ್ಲ. ಅಂಗಡಿಗಳು ಬಹುಪಾಲು ಸೆಲ್ಫ್ ಸರ್ವೀಸ್. ಟ್ರೇ ಹಿಡಿದು ಸಾಲಿನಲ್ಲಿ ನಿಂತು 'ಶೋ' ಅಥವಾ 'ದಾಯ್' ಎಂದರೆ ಒಂದು ಉಂಡೆಯೋ ಎರಡೋ ಬಟ್ಟಲಿಗೆ ಬೀಳುತ್ತದೆ. ಕೆಲವು ಕಡೆ ಜರಡಿಯಲ್ಲಿ ಹಾಕಿ ಕುದಿನೀರಿಗೆ ಅದ್ದುವುದೂ, ನಲ್ಲಿ ತಿರುಗಿಸಿ ಸಾರು ಬಿಟ್ಟುಕೊಳ್ಳುವುದೂ ನಮ್ಮದೇ ಕೆಲಸ. ಈರುಳ್ಳಿ ಸೊಪ್ಪು, ತುರಿದ ಶುಂಠಿ ಬೇಕಾದಷ್ಟು. ಬೆಲೆ ಕೆಲವೇ ನೂರು ಯೆನ್. ಬೆಳಿಗ್ಗೆ ಬೇಗ ತೆರೆದು, ನೂಡಲ್ಸ್ ಖಾಲಿಯಾದ ಕೂಡಲೇ ಮಧ್ಯಾಹ್ನಕ್ಕೇ ಬಾಗಿಲು ಹಾಕುವ ಅಂಗಡಿಗಳೇ ಹೆಚ್ಚು ರುಚಿ. ತೋಟ ಸುತ್ತಿ ಹಸಿದು ಬಂದವರಿಗೆ ಬಿಸಿಬಿಸಿ ಕಾಮಾತಾಮಾ, ಅಂದರೆ ಹಂಡೆಯಿಂದ ನೇರ ಬಟ್ಟಲಿಗೆ ಬಂದ ಉಡಾನ್ ಮೇಲೆ ಹಸಿಮೊಟ್ಟೆ ಮತ್ತು ಸೋಯಾ, ಎದುರಿಗೆ ಬಂದರೆ ಬೇರೇನೂ ಬೇಕೆನ್ನಿಸುವುದಿಲ್ಲ.

ಸಸ್ಯಾಹಾರಿಗಳು ಗಮನಿಸಿ. ಸಾರು ಸ್ಪಷ್ಟವಾಗಿ ಮೀನಿನದು. ಅದ್ದಿಕೊಳ್ಳುವ ರಸದಲ್ಲೂ ಮೀನಿನ ಅಂಶವಿರುತ್ತದೆ. ಕಪಾಟಿನಲ್ಲಿ ಬೋಂಡಾದ ಹಾಗೆ ಕರಿದಿಟ್ಟ ಚಿಕುವಾ ತರಕಾರಿಯಲ್ಲ, ಮೀನಿನ ಹಿಟ್ಟು. ನಮ್ಮ ಅಕ್ಕ ಶುದ್ಧ ಸಸ್ಯಾಹಾರಿ. ಅವಳಿಗೆ ಒಗ್ಗಿದ್ದು ಕಿಜೋಯು ಉಡಾನ್. ತಣ್ಣೀರಿನಲ್ಲಿ ತೊಳೆದ ಉಡಾನ್ ಮೇಲೆ ಬರೀ ಸೋಯಾ ಸಾಸ್, ತುರಿದ ಮೂಲಂಗಿ, ಸುದಾಚಿ ಎಂಬ ಹುಳಿಹಣ್ಣು. ಸಾಸಿನಲ್ಲಿ ದಾಶಿ, ಅಂದರೆ ಮೀನಿನ ಸಾರಿನ ರಸ, ಬೆರೆಸಿದ್ದಾರೆಯೇ ಎಂದು ಅಂಗಡಿಯಲ್ಲಿ ಕೇಳಿಯೇ ತಿಂದಳು. "ಗೋಧಿ ವಾಸನೆ ಹೇಗೆ ಬರ್ತಿದೆ ನೋಡು, ಇದಕ್ಕೆ ಸಾರು ಯಾಕೆ ಬೇಕು?" ಎಂದಳು. ಅವಳ ಮಾತು ಸರಿ. ಹಿಟ್ಟಿನ ರುಚಿ ಪೂರ್ತಿ ಸಿಗುವುದು ಹಾಗೆಯೇ.

ಓಕಾಯಾಮಾದ ಹೆಮ್ಮೆ ಬಾರಾಝುಶಿ. ಹುಳಿ ಹಾಕಿದ ಅನ್ನದ ಮೇಲೆ ಸಿಗಡಿ, ಸಾವಾರಾ ಮೀನು, ಮೊಟ್ಟೆಯ ಎಳೆಗಳು, ತಾವರೆ ಬೇರು, ಅಣಬೆ ಎಲ್ಲ ಹರಡಿರುತ್ತದೆ. ಇಕೆದಾ ಮಿತ್ಸುಮಾಸಾ ದೊರೆ ಊಟಕ್ಕೆ ಒಂದು ಸಾರು, ಒಂದು ಪಲ್ಯ ಸಾಕೆಂದು ಕಟ್ಟಪ್ಪಣೆ ಮಾಡಿದಾಗ ಜನ ಎಲ್ಲವನ್ನೂ ಅನ್ನಕ್ಕೇ ಸೇರಿಸಿ 'ಒಂದೇ' ಮಾಡಿಕೊಂಡರೆಂದು ಊರವರು ಹೇಳುತ್ತಾರೆ. ನೋಡಲು ಹಬ್ಬ. ಜೊತೆಗೆ ಮಾಮಾಕಾರಿ ಎಂಬ ಸಣ್ಣ ಮೀನನ್ನು ವಿನೆಗರ್‌ನಲ್ಲಿ ನೆನೆಸಿ ಕೊಡುತ್ತಾರೆ. ಮೀನು ತಿನ್ನುವವರು ಒಂದು ದೊಡ್ಡ ಊಟಕ್ಕೆ ಓಕಾಯಾಮಾ ಆರಿಸಿಕೊಂಡರೆ ನಾನು ತಡೆಯುವುದಿಲ್ಲ. ಆದರೆ ಬೆಲೆ ಉಡಾನ್‌ಗಿಂತ ಎಷ್ಟೋ ಪಟ್ಟು, ಸಸ್ಯಾಹಾರಿಗಳಿಗೆ ಅದರಲ್ಲಿ ಏನೂ ಉಳಿಯುವುದಿಲ್ಲ.

ಸಿಹಿ ಮತ್ತು ಹಣ್ಣಿನಲ್ಲಿ ಓಕಾಯಾಮಾವನ್ನು ಯಾರೂ ಮುಟ್ಟಲಾರರು. ಕಿಬಿದಾಂಗೋ ಎಂಬ ಮೆತ್ತನೆಯ ಉಂಡೆಯಲ್ಲಿರುವ ಕಿಬಿ ನಮ್ಮ ಬರಗು. ಈಗ ಹೆಚ್ಚು ಭಾಗ ಅಂಟಕ್ಕಿ ಹಿಟ್ಟೇ ಇದ್ದರೂ ಬರಗಿನ ಹೆಸರು ಉಳಿದಿದೆ. ಪೀಚ್ ಹಣ್ಣಿನಿಂದ ಹುಟ್ಟಿದ ಮೊಮೊತಾರೊ ನಾಯಿ, ಕೋತಿ, ಫೆಸೆಂಟ್ ಹಕ್ಕಿಗೆ ಇದನ್ನೇ ಹಂಚಿ ರಾಕ್ಷಸರ ಮೇಲೆ ಹೋದ ಕಥೆ ಅಲ್ಲಿನ ಮಕ್ಕಳಿಗೆಲ್ಲ ಗೊತ್ತು. ಜುಲೈ, ಆಗಸ್ಟ್‌ನಲ್ಲಿ ಬಿಳಿ ಪೀಚ್ ಬರುತ್ತದೆ. ಬಿಸಿಲು ತಾಗದಂತೆ ಕಾಯಿಗೊಂದೊಂದು ಕಾಗದದ ಚೀಲ ಕಟ್ಟಿ ಬೆಳೆಸುವುದರಿಂದ ಮೈ ಬೆಳ್ಳಗೆ. ಸಿಪ್ಪೆ ಬೆರಳಿನಲ್ಲೇ ಜಾರಿಬರುತ್ತದೆ, ಕಚ್ಚಿದರೆ ರಸ ಮೊಣಕೈವರೆಗೆ ಇಳಿಯುತ್ತದೆ. ಬೆಲೆ ಜಾಸ್ತಿಯೇ, ಆದರೂ ಒಂದು ಹಣ್ಣನ್ನಾದರೂ ಕೊಳ್ಳಿ.

ಹಾಗಾಗಿ ನಾನು ಸೂಚಿಸುವ ಕ್ರಮ ಇದು. ಸಂಜೆಯೇ ಸಮುದ್ರ ದಾಟಿ ತಕಾಮತ್ಸುವಿನಲ್ಲಿ ಉಳಿಯಿರಿ. 1988ರಲ್ಲಿ ಸೇತುವೆ ತೆರೆಯುವ ಮೊದಲು ಜನ ರೈಲ್ವೆಯ ಹಡಗಿನಲ್ಲಿ ದಾಟುತ್ತಾ ಡೆಕ್ಕಿನ ಮೇಲೆ ನಿಂತು ಉಡಾನ್ ತಿನ್ನುತ್ತಿದ್ದರು. ಈಗ ರೈಲಿನ ಕಿಟಕಿಯಿಂದ ದ್ವೀಪಗಳನ್ನು ನೋಡಬಹುದು. ಬೆಳಗಿನ ಜಾವ ರಿತ್ಸುರಿನ್, ಅಲ್ಲಿಂದ ಉಡಾನ್. ಹತ್ತೂವರೆಗೆ ವಾಪಸು ರೈಲು ಹಿಡಿದರೆ ಮಧ್ಯಾಹ್ನ ಕೊರಾಕುಎನ್‌ಗೂ ಸಮಯ ಸಿಗುತ್ತದೆ. ಮಕ್ಕಳೋ ಹಿರಿಯರೋ ಜೊತೆಗಿದ್ದು ಇಷ್ಟು ಓಡಾಟ ಬೇಡವೆನಿಸಿದರೆ ಓಕಾಯಾಮಾದಲ್ಲೇ ಇದ್ದು ಕೊರಾಕುಎನ್ ಮಾತ್ರ ನೋಡಿ, ಸಂಜೆ ನಿಲ್ದಾಣದ ಅಂಗಡಿಯಲ್ಲಿ ಕಿಬಿದಾಂಗೋ ಕಟ್ಟಿಸಿಕೊಳ್ಳಿ.